ಮಸ್ಕಿಯ ಎಂಟು ಸಾಲು: ಎಷ್ಟು ಬರೆಯಬೇಕೆಂದು ಅಳೆದ ಅಶೋಕ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಹಿಂದೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು, ಮುಂದೆ ಹಟ್ಟಿಯ ಚಿನ್ನದ ಗಣಿ. ನಡುವೆ ಬಂಡೆಗಲ್ಲುಗಳ ಬೆಟ್ಟ. ಆ ಬೆಟ್ಟದ ಒಂದು ಹೆಬ್ಬಂಡೆಯ ಮೇಲೆ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಕೊರೆದ ಎಂಟು ಸಾಲುಗಳಿವೆ. ಇಪ್ಪತ್ತೆರಡು ಶತಮಾನಗಳಿಗೂ ಹಿಂದಿನ ಬರಹವಿದು. ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ, ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಈ ಊರಿನ ಹೆಸರು ಜಗತ್ತಿನ ಇತಿಹಾಸ ಗ್ರಂಥಗಳಲ್ಲಿ ಸೇರಿದ್ದು ಆ ಎಂಟು ಸಾಲುಗಳಿಂದ. ನಿಖರವಾಗಿ ಹೇಳಬೇಕೆಂದರೆ, ಅದರ ಮೊದಲ ಸಾಲಿನಲ್ಲಿರುವ ಒಂದು ಪದದಿಂದ. ಆ ಪದ ಅಶೋಕ.

ಸಾಮ್ರಾಟ ಅಶೋಕನ ಬಗ್ಗೆ ಶಾಲಾ ಪಠ್ಯದಲ್ಲಿ ಓದದವರಿಲ್ಲ. ಕಳಿಂಗ ಯುದ್ಧ, ಪಶ್ಚಾತ್ತಾಪ, ಬೌದ್ಧ ಧರ್ಮ, ಸಾಲುಮರ ಎಂಬ ನಾಲ್ಕು ಮಾತಿನಲ್ಲಿ ಆತನ ಬದುಕು ಮುಗಿದುಹೋಗುತ್ತದೆ. ಆದರೆ ಆತ ಇನ್ನೊಂದು ಕೆಲಸವನ್ನು ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಮಾಡಿದ. ಬರೆಸಿದ. ಇಂದಿನ ಅಫ್ಘಾನಿಸ್ತಾನದ ಕಂದಹಾರದಿಂದ ಒಡಿಶಾದವರೆಗೆ, ನೇಪಾಳದ ತರಾಯಿಯಿಂದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯವರೆಗೆ ಬಂಡೆ, ಕಂಬ, ಗುಹೆಗಳ ಮೇಲೆ ಬರೆಸಿದ. ಹಾಗೆ ಬರೆಸುವಾಗ ಎಲ್ಲಿ ಎಷ್ಟು ಬರೆಸಬೇಕು, ಯಾರಿಗೆ ಯಾವ ಮಾತು ಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಕೂಲಂಕಷವಾಗಿ ಯೋಚಿಸಿದ. ಯೋಚಿಸಿದ್ದನ್ನೂ ಕಲ್ಲಿನ ಮೇಲೆಯೇ ದಾಖಲಿಸಿದ.

ಮೌರ್ಯ ವಂಶದ ಸ್ಥಾಪಕ ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ ಈ ಅಶೋಕ. ಹುಟ್ಟಿದ ವರ್ಷ ಯಾವ ದಾಖಲೆಯಲ್ಲಿಯೂ ಇಲ್ಲ. ಶ್ರೀಲಂಕಾದ ಪಾಲಿ ಗ್ರಂಥಗಳಾದ ದೀಪವಂಸ ಮತ್ತು ಮಹಾವಂಸ, ಸಂಸ್ಕೃತದ ಅಶೋಕಾವದಾನ ಇವುಗಳಲ್ಲಿ ಆತನ ಯೌವನದ ಕಥೆಗಳು ಹೇರಳವಾಗಿವೆ. ಉಜ್ಜಯಿನಿಯಲ್ಲಿ ರಾಜಪ್ರತಿನಿಧಿಯಾಗಿದ್ದ, ವಿದಿಶೆಯ ವರ್ತಕನ ಮಗಳನ್ನು ವರಿಸಿದ, ತಕ್ಷಶಿಲೆಯ ದಂಗೆ ಅಡಗಿಸಿದ, ತಂದೆ ತೀರಿಕೊಂಡ ಮೇಲೆ ತೊಂಬತ್ತೊಂಬತ್ತು ಸೋದರರನ್ನು ಕೊಂದು ಪಟ್ಟವೇರಿದ ಎಂದೆಲ್ಲ ಈ ಗ್ರಂಥಗಳು ಹೇಳುತ್ತವೆ. ತೊಂಬತ್ತೊಂಬತ್ತರ ಲೆಕ್ಕ ನಂಬಲರ್ಹವಲ್ಲ. ಶಾಸನಗಳಲ್ಲಿ ಅಶೋಕನು ತನ್ನ ಸೋದರ ಸೋದರಿಯರ ಮನೆಗಳನ್ನು ಉಲ್ಲೇಖಿಸುವುದರಿಂದ ಎಲ್ಲರನ್ನೂ ಕೊಂದಿರಲಿಲ್ಲ ಎಂಬುದಂತೂ ಖಚಿತ. ಕೆಟ್ಟವನು ಎಷ್ಟು ಕೆಟ್ಟವನಾಗಿದ್ದರೆ ಆತನನ್ನು ಪರಿವರ್ತಿಸಿದ ಧರ್ಮ ಅಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಆ ಗ್ರಂಥಕರ್ತರ ಲೆಕ್ಕಾಚಾರ ಇದ್ದೀತು.

ಪಟ್ಟಾಭಿಷೇಕ ಕ್ರಿ.ಪೂ. 268ರ ಸುಮಾರಿಗೆ ನಡೆಯಿತೆಂದು ಇತಿಹಾಸಕಾರರು ಗಣಿಸುತ್ತಾರೆ. ಎಂಟು ವರ್ಷಗಳ ನಂತರ ಕಳಿಂಗ ಯುದ್ಧ. ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ಯಲಾಯಿತು, ಒಂದು ಲಕ್ಷ ಜನ ಹತರಾದರು, ಅದರ ಎಷ್ಟೋ ಪಟ್ಟು ಜನ ಆ ಬಳಿಕ ಸತ್ತರು. ಈ ಲೆಕ್ಕ ಶತ್ರುಗಳು ಬರೆದದ್ದಲ್ಲ, ಗೆದ್ದ ಅರಸನೇ ಬರೆಸಿದ್ದು. ಗೆದ್ದವರು ಸತ್ತವರ ಲೆಕ್ಕವನ್ನು ಹೆಮ್ಮೆಗೆ ಬರೆಸುವುದುಂಟು. ಈತ ಅದನ್ನು ದುಃಖಕ್ಕೆ ಬರೆಸಿದ.

ಮೊದಲ ಬರಹ ಚಿಕ್ಕದು

ಯುದ್ಧ ಮುಗಿದ ತಕ್ಷಣ ಆತ ಉದ್ದುದ್ದ ಬರೆಸಲಿಲ್ಲ ಎಂಬುದು ಗಮನಾರ್ಹ. ಪಟ್ಟಾಭಿಷೇಕದ ಹತ್ತು-ಹನ್ನೊಂದನೆಯ ವರ್ಷದ ಹೊತ್ತಿಗೆ ಹೊರಟ ಮೊದಲ ಬರಹವನ್ನು ವಿದ್ವಾಂಸರು ಲಘು ಶಿಲಾಶಾಸನ ಎಂದು ಕರೆಯುತ್ತಾರೆ. ಮಸ್ಕಿಯದು ಈ ವರ್ಗಕ್ಕೆ ಸೇರಿದ್ದು. ವಿಷಯವಿಷ್ಟೇ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ಕಳೆದವು. ಮೊದಮೊದಲು ಹೆಚ್ಚಿನ ಶ್ರಮ ಹಾಕಲಿಲ್ಲ. ಸಂಘದ ಸಂಪರ್ಕಕ್ಕೆ ಬಂದು ಒಂದು ವರ್ಷಕ್ಕಿಂತ ಹೆಚ್ಚಾಯಿತು, ಈಗ ಶ್ರಮಿಸುತ್ತಿದ್ದೇನೆ. ಜಂಬೂದ್ವೀಪದಲ್ಲಿ ಜನರೊಡನೆ ಬೆರೆಯದಿದ್ದ ದೇವತೆಗಳು ಈಗ ಬೆರೆತಿದ್ದಾರೆ. ಇದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದು, ಸಣ್ಣವರಿಗೂ ಸಾಧ್ಯ. ಇದನ್ನು ಇಬ್ಬರಿಗೂ ತಿಳಿಸಬೇಕು.

ಒಂದೇ ಸಂದೇಶವನ್ನು ಹಲವು ಕಡೆ ಕೊರೆಯಲಾಯಿತು. ಕರ್ನಾಟಕವೊಂದರಲ್ಲಿಯೇ ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉದೇಗೊಳ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಈ ಶಾಸನವಿದೆ. ಆದರೆ ಎಲ್ಲ ಕಡೆ ಒಂದೇ ಉದ್ದವಿಲ್ಲ. ಇಲ್ಲಿಯೇ ಕುತೂಹಲ ಆರಂಭವಾಗುವುದು.

ಬ್ರಹ್ಮಗಿರಿಯಲ್ಲಿ ಹದಿಮೂರು ಸಾಲು, ಸಿದ್ದಾಪುರದಲ್ಲಿ ಇಪ್ಪತ್ತೆರಡು. ಸಾಲಿನ ಲೆಕ್ಕದಿಂದ ಮೋಸ ಹೋಗಬಾರದು. ಬಂಡೆ ಅಗಲವಿದ್ದರೆ ಸಾಲು ಕಡಿಮೆಯಾಗುತ್ತದೆ, ಕಿರಿದಿದ್ದರೆ ಹೆಚ್ಚುತ್ತದೆ. ವಿಷಯದ ಲೆಕ್ಕ ಹಿಡಿದರೂ ಚಿತ್ರದುರ್ಗ ಸೀಮೆಯ ಈ ಪಾಠಗಳು ಮಸ್ಕಿಯದಕ್ಕಿಂತ ಬಹಳ ದೊಡ್ಡವು. ಅಲ್ಲಿ ಎರಡನೆಯ ಭಾಗವೊಂದು ಸೇರಿಕೊಂಡಿದೆ. ತಂದೆ ತಾಯಿಯ ಮಾತು ಕೇಳುವುದು, ಜೀವಿಗಳಲ್ಲಿ ದಯೆ, ಸತ್ಯ ನುಡಿಯುವುದು, ಶಿಷ್ಯನು ಗುರುವನ್ನು ಗೌರವಿಸುವುದು ಇತ್ಯಾದಿ ಹಳೆಯ ಕಾಲದಿಂದ ಬಂದ ನಡವಳಿಕೆಯ ನಿಯಮಗಳು ಅದರಲ್ಲಿವೆ. ಮಸ್ಕಿಯಲ್ಲಿ ಅದಿಲ್ಲ. ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂದು ಅರ್ಥೈಸಲಾಗುವ 256 ಎಂಬ ಸಂಖ್ಯೆ ಬೇರೆ ಅನೇಕ ಕಡೆ ಇದೆ, ಮಸ್ಕಿಯಲ್ಲಿ ಅದೂ ಇಲ್ಲ.

ಬ್ರಹ್ಮಗಿರಿ ಪಾಠದ ಆರಂಭದಲ್ಲಿ ಒಂದು ತಮಾಷೆಯಿದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ದಕ್ಷಿಣದ ಆಡಳಿತ ನೋಡುತ್ತಿದ್ದ ರಾಜಕುಮಾರ, ಮತ್ತು ಅಲ್ಲಿನ ಮಹಾಮಾತ್ರರು ಇಸಿಲ ಎಂಬ ಊರಿನ ಮಹಾಮಾತ್ರರ ಕ್ಷೇಮ ವಿಚಾರಿಸುತ್ತಾರೆ. ಇದು ಶಾಸನದ ಭಾಗವೇ ಅಲ್ಲ. ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ ಸುತ್ತೋಲೆ ಕಳುಹಿಸುವಾಗ ಮೇಲೆ ಹಚ್ಚುವ ಪತ್ರದ ಒಕ್ಕಣೆ. ಅದನ್ನು ಬಿಡಬೇಕಿತ್ತು. ಬಿಡಬೇಕೆಂದು ಯಾರಿಗೂ ಹೊಳೆಯದೆ ಅದನ್ನೂ ಬಂಡೆಯ ಮೇಲೆ ಕೊರೆದರು. ಮಧ್ಯಪ್ರದೇಶದ ರೂಪನಾಥ, ಬಿಹಾರದ ಸಹಸ್ರಾಮ್‌ಗಳಲ್ಲಿಯೂ ಹೀಗೆಯೇ ಆಗಿದೆ. ಬಂಡೆಗಳ ಮೇಲೆ, ಕಲ್ಲಿನ ಕಂಬ ಇದ್ದಲ್ಲಿ ಕಂಬದ ಮೇಲೆ ಇದನ್ನು ಬರೆಸಿರಿ ಎಂಬರ್ಥದ ಆಡಳಿತ ಸೂಚನೆಯೂ ಜನರಿಗೆ ಹೇಳುವ ಮಾತಿನ ಜೊತೆಗೆ ಕಲ್ಲೇರಿ ಕುಳಿತಿದೆ. ಸರ್ಕಾರಿ ಕಡತಗಳ ಪರಿಚಯ ಇರುವವರಿಗೆ ಇದು ವಿಚಿತ್ರವಾಗಿ ಕಾಣಲಾರದು. ಒಂದು ಲಾಭವಂತೂ ಆಯಿತು: ಆ ಅನವಶ್ಯಕ ಒಕ್ಕಣೆ ಇರದಿದ್ದರೆ ಮೌರ್ಯರ ದಕ್ಷಿಣದ ರಾಜಧಾನಿಯ ಹೆಸರೇ ನಮಗೆ ತಿಳಿಯುತ್ತಿರಲಿಲ್ಲ. ಇಸಿಲ ಎಂಬುದು ಕನ್ನಡದ್ದೇ ಪದವೆಂದು ಡಿ.ಎಲ್. ನರಸಿಂಹಾಚಾರ್ ಅವರು ಗುರುತಿಸಿದ ಮೇಲೆ ಆ ಒಕ್ಕಣೆಗೆ ಕನ್ನಡಿಗರ ಪಾಲಿಗೆ ಬೇರೆಯೇ ಬೆಲೆ ಬಂತು.

ಸುವರ್ಣಗಿರಿ ಎಲ್ಲಿತ್ತು ಎಂಬ ಚರ್ಚೆಯಲ್ಲಿ ಮಸ್ಕಿಗೆ ಹತ್ತಿರದ ಕನಕಗಿರಿಯ ಹೆಸರೂ, ಆಂಧ್ರದ ಕರ್ನೂಲು ಜಿಲ್ಲೆಯ ಜೊನ್ನಗಿರಿಯ ಹೆಸರೂ ಕೇಳಿಬರುತ್ತವೆ. ಎರಡೂ ಹೊನ್ನಿನ ನಾಡುಗಳೇ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪುರಾತನ ಕಾಲದ ಆಳವಾದ ಗಣಿಗಾರಿಕೆಯ ಕುರುಹುಗಳು ದೊರೆತಿವೆ. ಪಾಟಲಿಪುತ್ರದ ಅರಸನಿಗೆ ಈ ಬರಡು ಬಂಡೆಗಳ ಸೀಮೆಯಲ್ಲಿ ಇಷ್ಟೊಂದು ಆಸಕ್ತಿ ಯಾಕೆ ಎಂಬುದಕ್ಕೆ ಚಿನ್ನವೇ ಉತ್ತರವೆಂದು ಬಹುತೇಕ ಇತಿಹಾಸಕಾರರ ಅಭಿಪ್ರಾಯ. ಮಸ್ಕಿಯಲ್ಲಿ ಜನವಸತಿ ಮೌರ್ಯರಿಗಿಂತ ಎಷ್ಟೋ ಹಳೆಯದು. 1954ರಲ್ಲಿ ಬಿ.ಕೆ. ಥಾಪರ್ ಅವರು ನಡೆಸಿದ ಉತ್ಖನನದಲ್ಲಿ ತಾಮ್ರಶಿಲಾಯುಗದಿಂದ ಮಧ್ಯಯುಗದವರೆಗಿನ ಪದರಗಳು ಕಂಡುಬಂದವು. ಅಂದರೆ ಶಾಸನ ಕೊರೆಯುವಾಗ ಕೇಳಲು ಅಲ್ಲಿ ಜನರಿದ್ದರು.

ಕೇಳಲು ಎಂಬ ಪದವನ್ನು ಬೇಕೆಂದೇ ಬಳಸಲಾಗಿದೆ. ಓದಬಲ್ಲವರು ಅಂದು ಎಷ್ಟಿದ್ದಾರು? ಬ್ರಾಹ್ಮಿ ಲಿಪಿಯೇ ಈ ನಾಡಿಗೆ ಹೊಸದು, ಪ್ರಾಕೃತ ಇಲ್ಲಿನವರ ಮನೆಮಾತಲ್ಲ. ಕನ್ನಡ ಭಾಷೆ ಶಾಸನದಲ್ಲಿ ಕಾಣಿಸಿಕೊಳ್ಳಲು ಹಲ್ಮಿಡಿಯವರೆಗೆ, ಅಂದರೆ ಇನ್ನೂ ಏಳು ಶತಮಾನ ಕಾಯಬೇಕಿತ್ತು. ಹಾಗಾಗಿ ಬಂಡೆಯ ಮುಂದೆ ನಿಂತು ಅಧಿಕಾರಿ ಓದಬೇಕು, ಯಾರಾದರೂ ಊರಿನ ಮಾತಿನಲ್ಲಿ ತಿಳಿಸಬೇಕು. ಎರ್ರಗುಡಿಯ ಪಾಠದಲ್ಲಿ ಭೇರಿ ಬಾರಿಸಿ ಜನಪದರಿಗೆ ತಿಳಿಸುವ ಮಾತು ಬರುತ್ತದೆ. ಒಡಿಶಾದ ಶಾಸನಗಳಲ್ಲಿ ತಿಷ್ಯ ನಕ್ಷತ್ರದ ದಿನದಂದು ಇದನ್ನು ಕೇಳಿಸಬೇಕು, ನಡುವಿನ ದಿನಗಳಲ್ಲಿ ಒಬ್ಬನೇ ಇದ್ದರೂ ಕೇಳಿಸಬೇಕು ಎಂಬ ಸೂಚನೆಯಿದೆ. ನಿಂತು ಕೇಳುವವನ ತಾಳ್ಮೆಗೆ ಮಿತಿಯುಂಟು. ಹೊಸ ಅರಸ, ಹೊಸ ಮಾತು, ಪರಿಚಯವಿಲ್ಲದ ಭಾಷೆ. ಚಿಕ್ಕದಾಗಿ ಆರಂಭಿಸಿದ್ದು ವಿವೇಕ.

ಬರೆಯುವ ಕೈಗಳೂ ಇದಕ್ಕೆ ಹೊಸವು. ಬ್ರಹ್ಮಗಿರಿ ಗುಂಪಿನ ಶಾಸನಗಳನ್ನು ಬರೆದ ಲಿಪಿಕಾರನ ಹೆಸರು ಚಪಡ. ಬರಹವೆಲ್ಲ ಬ್ರಾಹ್ಮಿಯಲ್ಲಿ, ಕೊನೆಯಲ್ಲಿ ಲಿಪಿಕಾರ ಎಂಬರ್ಥದ ಪದವನ್ನು ಮಾತ್ರ ವಾಯವ್ಯ ಗಡಿನಾಡಿನ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ತಕ್ಷಶಿಲೆಯ ಕಡೆಯಿಂದ ಮೊಳಕಾಲ್ಮೂರಿನವರೆಗೆ ಬಂದ ನೌಕರನ ಸ್ವಾಭಿಮಾನದ ರುಜುವೆಂದು ಅದನ್ನು ಓದಬಹುದು. ಎರ್ರಗುಡಿಯಲ್ಲಂತೂ ಲಿಪಿಕಾರ ಕೆಲವು ಸಾಲುಗಳನ್ನು ಎಡದಿಂದ ಬಲಕ್ಕೆ, ಕೆಲವನ್ನು ಬಲದಿಂದ ಎಡಕ್ಕೆ ಕೊರೆದಿಟ್ಟಿದ್ದಾನೆ. ಅದನ್ನು ಗಟ್ಟಿಯಾಗಿ ಓದಬೇಕಾಗಿ ಬಂದ ಅಧಿಕಾರಿಯ ಪಾಡು ಊಹಿಸಿಕೊಳ್ಳಬೇಕು.

ಹದಿನಾಲ್ಕು ಶಾಸನ, ಮೂರು ಅಳತೆ

ಪಟ್ಟಾಭಿಷೇಕದ ಹನ್ನೆರಡನೆಯ ವರ್ಷದಿಂದ ಬರಹದ ಸ್ವರೂಪವೇ ಬದಲಾಯಿತು. ಗುಜರಾತಿನ ಗಿರ್ನಾರ್, ಡೆಹ್ರಾಡೂನ್ ಬಳಿಯ ಕಾಲ್ಸಿ, ಇಂದಿನ ಪಾಕಿಸ್ತಾನದ ಶಹಬಾಜ್‌ಗಢಿ ಮತ್ತು ಮಾನ್ಸೆಹ್ರಾ, ಆಂಧ್ರದ ಎರ್ರಗುಡಿ ಮೊದಲಾದ ಕಡೆ ಹದಿನಾಲ್ಕು ಶಾಸನಗಳ ಮಾಲೆಯೇ ಬಂತು. ಅರಮನೆಯ ಅಡುಗೆಮನೆಯಲ್ಲಿ ಪ್ರಾಣಿಗಳ ವಧೆ ನಿಂತು ದಿನಕ್ಕೆ ಎರಡು ನವಿಲು, ಒಂದು ಜಿಂಕೆಗೆ ಇಳಿದದ್ದು. ಜಿಂಕೆಯೂ ನಿತ್ಯವಲ್ಲ ಎಂಬ ಪ್ರಾಮಾಣಿಕ ಷರಾ. ಮನುಷ್ಯರಿಗೂ ಪಶುಗಳಿಗೂ ಔಷಧೋಪಚಾರ. ಧರ್ಮ ಮಹಾಮಾತ್ರರೆಂಬ ಹೊಸ ಅಧಿಕಾರಿಗಳ ನೇಮಕ. ಊಟದಲ್ಲಿರಲಿ, ಅಂತಃಪುರದಲ್ಲಿರಲಿ, ಪ್ರಜೆಗಳ ವಿಷಯವನ್ನು ತನಗೆ ತಲುಪಿಸಬೇಕೆಂಬ ಆಜ್ಞೆ. ಬೇಟೆಯ ಪ್ರವಾಸಗಳ ಬದಲು ಬೋಧಿವೃಕ್ಷದ ಯಾತ್ರೆ. ಪರಮತವನ್ನು ಅಕಾರಣವಾಗಿ ಹಳಿಯಬಾರದೆಂಬ ತಿಳಿವಳಿಕೆ.

ಇವುಗಳಲ್ಲಿ ಏಳನೆಯದು ತೀರ ಚಿಕ್ಕದು. ಹದಿಮೂರನೆಯದು, ಅಂದರೆ ಕಳಿಂಗದ ದುಃಖವನ್ನು ತೋಡಿಕೊಂಡದ್ದು, ಬಹಳ ದೀರ್ಘ. ಎಲ್ಲ ಮತದವರೂ ಎಲ್ಲ ಕಡೆ ವಾಸಿಸಬಹುದು ಎಂದು ಹೇಳಲು ಹೆಚ್ಚು ಜಾಗ ಬೇಕಿಲ್ಲ. ಒಂದು ಲಕ್ಷ ಜನರ ಸಾವಿಗೆ ತಾನು ಕಾರಣನಾದೆನೆಂದು ಒಪ್ಪಿಕೊಳ್ಳಲು ಬೇಕು. ಸತ್ತವರಷ್ಟೇ ಅಲ್ಲ, ಬದುಕಿ ಉಳಿದವರ ನೋವು, ಅವರ ಮಿತ್ರರ ನೋವು, ಬ್ರಾಹ್ಮಣ ಶ್ರಮಣರ ನೋವು ಎಂದು ಆ ಶಾಸನ ಒಂದೊಂದಾಗಿ ಎಣಿಸುತ್ತ ಹೋಗುತ್ತದೆ. ಬಳಿಕ ಐವರು ಗ್ರೀಕ್ ಅರಸರ ಹೆಸರು, ಚೋಳ ಪಾಂಡ್ಯರ ಹೆಸರು. ಆ ಉದ್ದ ಆಡಂಬರಕ್ಕೆ ಬಂದದ್ದಲ್ಲ.

ಹದಿನಾಲ್ಕನೆಯದು ಮಾಲೆಯ ಉಪಸಂಹಾರ. ಅದರ ವಿಷಯವೇ ಬರಹದ ಅಳತೆ. ಈ ಧರ್ಮಲಿಪಿಗಳು ಸಂಕ್ಷಿಪ್ತ ರೂಪದಲ್ಲಿವೆ, ಮಧ್ಯಮ ರೂಪದಲ್ಲಿವೆ, ವಿಸ್ತಾರ ರೂಪದಲ್ಲಿವೆ ಎಂದು ಅಶೋಕ ಅಲ್ಲಿ ತಿಳಿಸುತ್ತಾನೆ. ಎಲ್ಲವೂ ಎಲ್ಲ ಕಡೆಗೂ ಹೊಂದುವುದಿಲ್ಲ, ಏಕೆಂದರೆ ರಾಜ್ಯ ವಿಶಾಲವಾಗಿದೆ. ಬಹಳಷ್ಟು ಬರೆಸಿಯಾಗಿದೆ, ಇನ್ನೂ ಬರೆಸುವುದಿದೆ. ಕೆಲವು ಮಾತುಗಳು ಮತ್ತೆ ಮತ್ತೆ ಬಂದಿದ್ದರೆ ಅದು ವಿಷಯದ ಮಾಧುರ್ಯದಿಂದ, ಜನ ಅದರಂತೆ ನಡೆಯಲೆಂಬ ಆಸೆಯಿಂದ. ಕೆಲವು ಅಪೂರ್ಣವಾಗಿದ್ದರೆ ಸ್ಥಳದ ಕಾರಣದಿಂದ, ಬೇರೆ ಏನಾದರೂ ಯೋಚಿಸಿದ್ದರಿಂದ, ಇಲ್ಲವೇ ಲಿಪಿಕಾರನ ತಪ್ಪಿನಿಂದ. ತನ್ನ ಬರಹಗಳು ಎಷ್ಟು ಉದ್ದವಿರಬೇಕು, ಯಾಕೆ ಎಂದು ಬರಹದಲ್ಲಿಯೇ ಚರ್ಚಿಸಿದ ಇಂತಹ ದಾಖಲೆ ಭಾರತದ ಶಾಸನಗಳಲ್ಲಿ ಅಪರೂಪ.

ಹೇಳಿದಂತೆ ನಡೆದುಕೊಂಡಿದ್ದಾನೆಯೇ ಎಂದು ಪರೀಕ್ಷಿಸಲು ಕಳಿಂಗಕ್ಕೇ ಹೋಗಬೇಕು. ಇಂದಿನ ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಹದಿನಾಲ್ಕರ ಮಾಲೆಯಿಂದ ಹನ್ನೊಂದು, ಹನ್ನೆರಡು, ಹದಿಮೂರನೆಯ ಶಾಸನಗಳನ್ನು ಕೈಬಿಡಲಾಗಿದೆ. ಕಳಿಂಗದ ಹತ್ಯಾಕಾಂಡದ ಲೆಕ್ಕವನ್ನು ಕಳಿಂಗದವರಿಗೇ ಓದಿ ಹೇಳುವುದು ಬೇಡವೆನಿಸಿರಬೇಕು. ತಂದೆಯನ್ನೋ ಮಗನನ್ನೋ ಕಳೆದುಕೊಂಡವರ ಮುಂದೆ ಗೆದ್ದವನ ಪಶ್ಚಾತ್ತಾಪವನ್ನು ಓದಿದರೆ ಏನಾದೀತು? ಅದರ ಬದಲು ಎರಡು ಪ್ರತ್ಯೇಕ ಶಾಸನಗಳನ್ನು ಅಲ್ಲಿ ಬರೆಸಲಾಯಿತು. ಪ್ರಜೆಗಳೆಲ್ಲ ತನ್ನ ಮಕ್ಕಳು. ಅಧಿಕಾರಿಗಳು ಯಾರನ್ನೂ ವಿನಾಕಾರಣ ಸೆರೆಯಲ್ಲಿಡಬಾರದು, ಹಿಂಸಿಸಬಾರದು. ಅಸೂಯೆ, ಕೋಪ, ಆತುರ, ಸೋಮಾರಿತನ ಬಿಡಬೇಕು ಎಂಬುದು ಅವುಗಳ ತಿರುಳು. ಬಿಟ್ಟದ್ದಕ್ಕಿಂತ ಸೇರಿಸಿದ್ದೇ ಅಲ್ಲಿನ ಜನರಿಗೆ ಹೆಚ್ಚು ಬೇಕಾಗಿದ್ದ ಮಾತು. ಆದರೂ, ನೋವುಂಡವರಿಗೆ ಕ್ಷಮೆಯ ಮಾತು ತಲುಪಲಿಲ್ಲ ಎಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು. ಕಿರಿದು ಮಾಡುವುದರಲ್ಲಿ ಜಾಣತನವೂ ಇದೆ, ನುಣುಚಿಕೊಳ್ಳುವ ದಾರಿಯೂ ಇದೆ. ಇದು ಯಾವುದು ಎಂದು ಕಲ್ಲು ಹೇಳುವುದಿಲ್ಲ.

ಇದೇ ಪ್ರತ್ಯೇಕ ಶಾಸನಗಳು ಕಲಬುರಗಿ ಜಿಲ್ಲೆಯ ಭೀಮಾ ತೀರದ ಸನ್ನತಿಯಲ್ಲಿಯೂ ಸಿಕ್ಕಿವೆ. 1980ರ ದಶಕದಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯಲ್ಲಿ, ಮೂರ್ತಿಗೆ ಪೀಠವಾಗಿದ್ದ ಕಲ್ಲುಚಪ್ಪಡಿಯ ಎರಡೂ ಬದಿಗಳಲ್ಲಿ ಬರಹ ಪತ್ತೆಯಾಯಿತು. ಉಳಿದಿರುವ ಭಾಗದಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನ, ಹಿಂಬದಿಯಲ್ಲಿ ಪ್ರತ್ಯೇಕ ಶಾಸನಗಳು. ಎಲ್ಲಿಯ ಕಳಿಂಗ, ಎಲ್ಲಿಯ ಭೀಮಾ ತೀರ? ಅಧಿಕಾರಿಗಳ ದರ್ಪ ಇಲ್ಲಿಯೂ ಇತ್ತು ಎಂದಾಯಿತು.

ವಾಯವ್ಯದ ತುದಿಯಲ್ಲಿ ಇನ್ನೊಂದು ಬಗೆಯ ಕಿರಿದು. 1958ರಲ್ಲಿ ಕಂದಹಾರದಲ್ಲಿ ದೊರೆತ ಬಂಡೆಯ ಮೇಲೆ ಒಂದೇ ಸಂದೇಶ ಗ್ರೀಕ್ ಮತ್ತು ಅರಾಮಿಕ್ ಎರಡು ಭಾಷೆಗಳಲ್ಲಿದೆ. ಹತ್ತು ವರ್ಷ ತುಂಬಿದ ಮೇಲೆ ಅರಸನು ಧರ್ಮವನ್ನು ತೋರಿಸಿಕೊಟ್ಟ, ರಾಜನ ಬೇಟೆಗಾರರೂ ಮೀನುಗಾರರೂ ಬೇಟೆ ನಿಲ್ಲಿಸಿದರು, ಹಿರಿಯರ ಮಾತು ಕೇಳುವುದು ಹೆಚ್ಚಿತು ಎಂದು ಹೇಳಿ ಮುಗಿಸುತ್ತದೆ. ಧರ್ಮ ಎಂಬುದಕ್ಕೆ ಗ್ರೀಕರಿಗೆ ತಿಳಿಯುವ ಯೂಸೆಬಿಯಾ ಎಂಬ ಪದವನ್ನು ಬಳಸಲಾಗಿದೆ. ಅಕ್ಷರಶಃ ಅನುವಾದದ ಗೊಡವೆಗೆ ಹೋಗಿಲ್ಲ. ಅದೇ ಕಂದಹಾರದಲ್ಲಿ 1963ರಲ್ಲಿ ಸಿಕ್ಕ ಮತ್ತೊಂದು ಗ್ರೀಕ್ ಶಾಸನದಲ್ಲಾದರೋ ಹನ್ನೆರಡನೆಯ ಶಾಸನದ ಕೊನೆ, ಹದಿಮೂರನೆಯದರ ಆರಂಭ ವಿಸ್ತಾರವಾಗಿಯೇ ಇವೆ. ಒಂದೇ ಊರಿಗೆ ಮೊದಲು ಚಿಕ್ಕದು, ಬಳಿಕ ದೊಡ್ಡದು.

ಅಂತರ್ಜಾಲಕ್ಕೆ ಬರೆಯುವವರನ್ನು ಇಂದು ಕಾಡುವ ಪ್ರಶ್ನೆಯೂ ಇದೇ ಜಾತಿಯದು. ಹುಡುಕುವವರಿಗೆ ಸಿಗಬೇಕೆಂದರೆ ಬರಹ ಮುನ್ನೂರು ಪದವಿರಬೇಕೋ, ಸಾವಿರವೋ, ಎರಡು ಸಾವಿರವೋ? ಹೆಚ್ಚು ಪದ ತುಂಬಿದರೆ ಹುಡುಕಾಟದ ಫಲಿತಾಂಶದಲ್ಲಿ ಮೇಲೇರಬಹುದೆಂದು ನಂಬಿ ಹಿಗ್ಗಿಸಿ ಬರೆಯುವವರಿಗೆ ಕೊರತೆಯಿಲ್ಲ. ತನಗೆ ಇಂತಿಷ್ಟೇ ಪದಗಳು ಇಷ್ಟವೆಂಬ ನಿಯಮವೇನೂ ಇಲ್ಲವೆಂದು ಗೂಗಲ್ ಸಂಸ್ಥೆ ತನ್ನ ಮಾರ್ಗದರ್ಶಿಯಲ್ಲಿ ಸ್ಪಷ್ಟಪಡಿಸಿದೆ. ಅಶೋಕನ ಹದಿನಾಲ್ಕನೆಯ ಶಾಸನದಲ್ಲಿಯೂ ಸಂಖ್ಯೆಯಿಲ್ಲ. ಸ್ಥಳ, ಕೇಳುವವರು, ವಿಷಯದ ತೂಕ ಇವಿಷ್ಟೇ ಅಲ್ಲಿ ಲೆಕ್ಕಕ್ಕೆ ಬಂದಿರುವುದು. ಬರಾಬರ್ ಬೆಟ್ಟದ ಗುಹೆಗಳನ್ನು ಆಜೀವಕ ಸಂನ್ಯಾಸಿಗಳಿಗೆ ದಾನ ಕೊಟ್ಟಾಗ ಕೆಲವೇ ಪದಗಳ ಬರಹ: ಯಾರು ಕೊಟ್ಟರು, ಯಾವ ವರ್ಷ, ಯಾವ ಗುಹೆ, ಯಾರಿಗೆ. ಬುದ್ಧ ಹುಟ್ಟಿದ ಲುಂಬಿನಿಯ ಕಂಬದ ಮೇಲೆ ತಾನು ಬಂದದ್ದು, ಪೂಜಿಸಿದ್ದು, ಆ ಹಳ್ಳಿಯ ತೆರಿಗೆ ಇಳಿಸಿದ್ದು. ಭಕ್ತಿಯ ಪರಾಕಾಷ್ಠೆಯ ಆ ಸ್ಥಳದಲ್ಲಿಯೂ ವರ್ಣನೆಗೆ ಇಳಿಯಲಿಲ್ಲ.

ಕೊನೆಯ ಉದ್ದ, ಬಳಿಕ ಮೌನ

ಪಟ್ಟಾಭಿಷೇಕದ ಇಪ್ಪತ್ತಾರನೆಯ ವರ್ಷದಲ್ಲಿ ಸ್ತಂಭಶಾಸನಗಳು ಬಂದವು. ಸಾಮಾನ್ಯವಾಗಿ ಆರು. ಮರುವರ್ಷ ಏಳನೆಯದನ್ನು ಬರೆಸಲಾಯಿತು. ಅದು ಸಂಪೂರ್ಣವಾಗಿ ಉಳಿದಿರುವುದು ಒಂದೇ ಕಂಬದ ಮೇಲೆ; ಹರಿಯಾಣದ ಟೋಪ್ರಾದಲ್ಲಿದ್ದ ಆ ಕಂಬವನ್ನು 14ನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ದೆಹಲಿಗೆ ಸಾಗಿಸಿದ. ಅಶೋಕನ ಶಾಸನಗಳಲ್ಲೆಲ್ಲ ದೀರ್ಘವಾದದ್ದು ಇದೇ. ನೆರಳಿಗೆ ಆಲದ ಮರ, ಮಾವಿನ ತೋಪು, ಎಂಟು ಕ್ರೋಶಕ್ಕೊಂದು ಬಾವಿ, ಅರವಟ್ಟಿಗೆ, ಅಧಿಕಾರಿಗಳು, ರಾಣಿಯರ ದಾನ ಹೀಗೆ ಮಾಡಿದ ಕೆಲಸವನ್ನೆಲ್ಲ ಅರಸ ಮತ್ತೊಮ್ಮೆ ಎಣಿಸುತ್ತಾನೆ. ಹಿಂದಿನ ಅರಸರೂ ಜನರನ್ನು ಧರ್ಮದಲ್ಲಿ ಬೆಳೆಸಲು ಬಯಸಿದ್ದರು, ಜನ ಬೆಳೆಯಲಿಲ್ಲ. ಹಾಗಾದರೆ ಹೇಗೆ ಬೆಳೆಸುವುದು ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಕಟ್ಟಳೆಗಿಂತ ಮನವೊಲಿಕೆಯಿಂದ ಹೆಚ್ಚು ಸಾಧನೆಯಾಯಿತು ಎಂದೂ ಹೇಳುತ್ತಾನೆ. ಮುಪ್ಪಿನ ಬರಹ ಅದು. ಮಾಡಿದ್ದು ಉಳಿಯುತ್ತದೆಯೋ ಇಲ್ಲವೋ ಎಂಬ ಕಳವಳವೇ ಅದನ್ನು ಅಷ್ಟು ಹಿಗ್ಗಿಸಿರಬಹುದು.

ಆ ಬಳಿಕ ವರ್ಷ ನಮೂದಿಸಿದ ಬರಹವಿಲ್ಲ. ಮತ್ತೆ ಸುಮಾರು ಹತ್ತು ವರ್ಷ ಆತ ಬದುಕಿದ್ದ. ಆ ಅವಧಿಯ ಬಗ್ಗೆ ಇರುವುದು ಐತಿಹ್ಯಗಳು ಮಾತ್ರ. ದಾನ ಮಾಡಿ ಮಾಡಿ ಬೊಕ್ಕಸ ಬರಿದಾಗಿ, ಮಂತ್ರಿಗಳು ಅಧಿಕಾರ ಕಿತ್ತುಕೊಂಡು, ಕೊನೆಗೆ ಅರ್ಧ ನೆಲ್ಲಿಕಾಯಿಯನ್ನು ಸಂಘಕ್ಕೆ ಅರ್ಪಿಸಿದ ಎಂಬ ಅಶೋಕಾವದಾನದ ಕಥೆ ಪ್ರಸಿದ್ಧ. ಕ್ರಿ.ಪೂ. 232ರ ಸುಮಾರಿಗೆ ಆತ ತೀರಿಕೊಂಡ. ಅರ್ಧ ಶತಮಾನ ಕಳೆಯುವುದರೊಳಗೆ ಮೌರ್ಯ ಸಾಮ್ರಾಜ್ಯವೂ ಮುಗಿಯಿತು. ಕೆಲವು ಶತಮಾನಗಳಲ್ಲಿ ಬ್ರಾಹ್ಮಿ ಲಿಪಿಯ ಆ ಹಳೆಯ ರೂಪವನ್ನು ಓದಬಲ್ಲವರೇ ಇಲ್ಲವಾದರು. ಎಷ್ಟು ಬರೆದರೂ ಅಷ್ಟೆ, ಸಿಗುವುದು ನಿಂತುಹೋಯಿತು.

ಬಾಗಿಲು ತೆರೆದದ್ದು ಚಿಕ್ಕ ಬರಹಗಳಿಂದ. 1837ರಲ್ಲಿ ಕಲ್ಕತ್ತೆಯ ಟಂಕಸಾಲೆಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್ ಅವರು ಸಾಂಚಿಯ ಕಟಾಂಜನಗಳ ಮೇಲಿನ ಪುಟ್ಟ ಪುಟ್ಟ ಬರಹಗಳನ್ನು ಹರಡಿಕೊಂಡು ನೋಡುತ್ತಿದ್ದಾಗ ಬಹುತೇಕ ಎಲ್ಲವೂ ಒಂದೇ ರೀತಿಯ ಅಕ್ಷರಗಳಲ್ಲಿ ಮುಗಿಯುವುದನ್ನು ಗಮನಿಸಿದರು. ದೇವಸ್ಥಾನದ ಕಲ್ಲಿನ ಮೇಲೆ ಚಿಕ್ಕದಾಗಿ ಬರೆಯುವುದು ದಾನಿಗಳ ಹೆಸರನ್ನಲ್ಲದೆ ಇನ್ನೇನನ್ನು? ಕೊನೆಯ ಪದ ದಾನಂ ಎಂದು ಊಹಿಸಿದರು. ಊಹೆ ಸರಿಯಾಯಿತು. ಸಾಮಾನ್ಯ ಭಕ್ತರ ಎರಡು ಮೂರು ಪದಗಳ ಬರಹಗಳಿಂದ ಅಕ್ಷರಗಳು ಬಿಚ್ಚಿಕೊಂಡ ಮೇಲೆ ಚಕ್ರವರ್ತಿಯ ಉದ್ದುದ್ದ ಶಾಸನಗಳನ್ನು ಓದಲು ಸಾಧ್ಯವಾಯಿತು.

ಓದಿದರೂ ಗೊಂದಲ ತಪ್ಪಲಿಲ್ಲ. ಹದಿನಾಲ್ಕು ಶಾಸನಗಳಲ್ಲಿ, ಏಳು ಸ್ತಂಭಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮತ್ತೆ ಮತ್ತೆ ಬರುತ್ತವೆ. ಹೆಸರು ಒಮ್ಮೆಯೂ ಬರುವುದಿಲ್ಲ. ಪ್ರಿನ್ಸೆಪ್ ಅವರು ಮೊದಲು ಈತನನ್ನು ಸಿಂಹಳದ ಅರಸನೆಂದು ಭಾವಿಸಿದರು. ಅದೇ ವರ್ಷ ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಅವರು ದೀಪವಂಸದ ಆಧಾರದಿಂದ ಪ್ರಿಯದರ್ಶಿ ಎಂದರೆ ಚಂದ್ರಗುಪ್ತನ ಮೊಮ್ಮಗ ಅಶೋಕ ಎಂದು ತೋರಿಸಿದರು. ಆದರೆ ಅದು ಗ್ರಂಥದ ಸಾಕ್ಷ್ಯ, ಅದೂ ಶತಮಾನಗಳ ನಂತರದ್ದು. ಕಲ್ಲಿನ ಸಾಕ್ಷ್ಯ ಬೇಕಿತ್ತು. 1892ರಲ್ಲಿ ಬಿ.ಎಲ್. ರೈಸ್ ಅವರು ಬ್ರಹ್ಮಗಿರಿ ಗುಂಪಿನ ಶಾಸನಗಳನ್ನು ಪತ್ತೆಹಚ್ಚಿದಾಗಲೂ ಅವುಗಳಲ್ಲಿ ಬಿರುದು ಮಾತ್ರವಿತ್ತು.

1915ರಲ್ಲಿ ಮಸ್ಕಿ ಹೈದರಾಬಾದ್ ನಿಜಾಮನ ಸಂಸ್ಥಾನಕ್ಕೆ ಸೇರಿತ್ತು. ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಅವರು ಈ ಬೆಟ್ಟದಲ್ಲಿ ಚಿನ್ನದ ಜಾಡು ಅರಸುವಾಗ ಬಂಡೆಯ ಮೇಲೆ ಅಕ್ಷರಗಳನ್ನು ಕಂಡರು. ಹೊನ್ನು ಹುಡುಕಿ ಬಂದ ಅರಸನ ಬರಹ ಹೊನ್ನು ಹುಡುಕುವವನ ಕಣ್ಣಿಗೇ ಬಿತ್ತು. ಎಚ್. ಕೃಷ್ಣಶಾಸ್ತ್ರಿ ಅವರು ಅದನ್ನು ಓದಿ ಸಂಪಾದಿಸಿದರು. ಹೈದರಾಬಾದ್ ಪುರಾತತ್ವ ಇಲಾಖೆ ಅದೇ ವರ್ಷ ತನ್ನ ಮಾಲೆಯ ಮೊದಲ ಪ್ರಕಟಣೆಯಾಗಿ ಹೊರತಂದಿತು. ಶಾಸನದ ಆರಂಭದಲ್ಲಿ ದೇವಾನಾಂಪ್ರಿಯ ಎಂಬ ಬಿರುದಿನ ಪಕ್ಕದಲ್ಲಿಯೇ ಅಶೋಕ ಎಂಬ ಹೆಸರಿತ್ತು. ಬಿರುದು ಮತ್ತು ಹೆಸರು ಒಂದೇ ಕಲ್ಲಿನ ಮೇಲೆ ಜೊತೆಯಾಗಿ ಸಿಕ್ಕಿದ್ದು ಅದೇ ಮೊದಲು. ಎಪ್ಪತ್ತೆಂಟು ವರ್ಷಗಳ ಊಹೆ ಅಂದು ನಿಶ್ಚಯವಾಯಿತು.

ಬೇರೆ ಬೇರೆ ಕಡೆ ಬಿಟ್ಟ ಹೆಸರನ್ನು ಮಸ್ಕಿಯಲ್ಲಿ ಯಾಕೆ ಬರೆದರು? ಕಿರಿದು ಮಾಡಲು ಹೊರಟ ಲಿಪಿಕಾರ ಎರಡನೆಯ ಭಾಗ ಬಿಟ್ಟ, ಸಂಖ್ಯೆ ಬಿಟ್ಟ, ಮೇಲಧಿಕಾರಿಗಳ ಕ್ಷೇಮಸಮಾಚಾರವೂ ಇಲ್ಲಿಲ್ಲ. ಹೆಸರನ್ನು ಮಾತ್ರ ಇಟ್ಟ. ದೂರದ ಸೀಮೆಯ ಜನರಿಗೆ ಬಿರುದು ಕೇಳಿದರೆ ಯಾರೆಂದು ತಿಳಿಯದು ಎಂದಿದ್ದೀತು. ಮಧ್ಯಪ್ರದೇಶದ ಗುಜರ್ರಾ, ನಮ್ಮ ನಿಟ್ಟೂರು ಮತ್ತು ಉದೇಗೊಳಗಳಲ್ಲಿಯೂ ಆ ಬಳಿಕ ಅಶೋಕನ ಹೆಸರು ಸಿಕ್ಕಿತು. ಹೆಸರಿರುವ ನಾಲ್ಕೂ ಕಡೆ ಇರುವುದು ಲಘು ಶಿಲಾಶಾಸನವೇ, ದೊಡ್ಡ ಮಾಲೆಯ ಯಾವ ಶಾಸನವೂ ಅಲ್ಲ. ನಾಲ್ಕರಲ್ಲಿ ಮೂರು ಕರ್ನಾಟಕದಲ್ಲಿವೆ.

ಸನ್ನತಿಗೆ ಅಂಟಿಕೊಂಡಂತಿರುವ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಬೌದ್ಧ ಸ್ತೂಪವೊಂದನ್ನು ಅಗೆದು ತೆಗೆಯಿತು. ಅಶೋಕ ಸತ್ತು ಶತಮಾನಗಳಾದ ಮೇಲೆ ಶಾತವಾಹನರ ಕಾಲದಲ್ಲಿ ಕೆತ್ತಿದ ಶಿಲಾಫಲಕವೊಂದರಲ್ಲಿ ಅರಸನೊಬ್ಬ ರಾಣಿಯ ಜೊತೆ ನಿಂತಿದ್ದಾನೆ, ಸೇವಕಿಯರು ಚಾಮರ ಹಿಡಿದಿದ್ದಾರೆ. ಫಲಕದ ಮೇಲೆ ಬ್ರಾಹ್ಮಿಯಲ್ಲಿ ಎರಡೇ ಪದ: ರಾಯ ಅಸೋಕೊ.